ಯಾವ ಜನ ನೀನು?

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ನನ್ನ ಸೋದರಮಾವ ಬಿದಿರಿನ ಮೊರ, ಬುಟ್ಟಿಗಳನ್ನು ಮಾರಲು ತಪ್ಪದೆ ಬರುತ್ತಿದ್ದ. 2024ರ ಜಾತ್ರೆಯಲ್ಲಿ, ಆತ ಅಂಗಡಿ ಹೂಡಿದ್ದ ಬೀದಿಯಲ್ಲಿ ಹೆಣ್ಣುಮಗಳೊಬ್ಬಳ ಕೊರಳಿನ ಸರ ಕಳುವಾದಾಗ, ಅದೇ ಸಾಲಿನಲ್ಲಿ ಕೂತಿದ್ದ ಬಳೆಯವರನ್ನಾಗಲಿ ಮಂಡಕ್ಕಿಯವರನ್ನಾಗಲಿ ಯಾರೂ ವಿಚಾರಿಸಲಿಲ್ಲ, ಪೊಲೀಸರು ಮಾವನ ಬಳಿಗೆ ಬಂದು, "ಯಾವ ಜನ ನೀನು?" ಎಂದು ಕೇಳಿದರು. ಬ್ರಿಟಿಷರ ಕಾಲದಿಂದ ಕಳ್ಳರೆಂಬ ಹಣೆಪಟ್ಟಿ ಹೊತ್ತ ಬುಡಕಟ್ಟು ಕೊರಚರದು. ಕೊರಚರೆಂದು ಆತ ಹೇಳಿದ್ದೇ ಸಾಕಾಯಿತು.

ಸುದ್ದಿ ತಿಳಿದು ನಾನು ಠಾಣೆ ತಲುಪಿದಾಗ ರಾತ್ರಿ ಎಂಟಾಗಿತ್ತು. ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿ ನನಗಾಗ ಒಂದು ವರ್ಷ. ಮಾವ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಹತ್ತೂ ಬೆರಳುಗಳಿಗೆ ಬೆರಳಚ್ಚಿನ ಮಸಿ ಮೆತ್ತಿತ್ತು. ಎಫ್‌ಐಆರ್‌ನಲ್ಲಿ ಆತನ ಹೆಸರಿರಲಿಲ್ಲ, ಸರ ಕಳೆದುಕೊಂಡಾಕೆ ಆತನನ್ನು ಗುರುತಿಸಿರಲಿಲ್ಲ, ಆತನ ಗಂಟಿನಲ್ಲಿ ಮೊರಗಳ ಹೊರತು ಏನೂ ಸಿಕ್ಕಿರಲಿಲ್ಲ. "ವಿಚಾರಣೆಗೆ ಅಷ್ಟೇ ಮೇಡಂ, ಇವರ ಕಸುಬು ಗೊತ್ತಿದ್ದದ್ದೇ ಅಲ್ವಾ" ಎಂದರು ಪೊಲೀಸರು. ನಾನೂ ಅದೇ ಜನದವಳು ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಮಾವನನ್ನು ಬಿಟ್ಟದ್ದು ಮಾತ್ರ ಹನ್ನೊಂದು ಗಂಟೆಗೆ.

ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಇದು ಬಂಧನವೇ ಅಲ್ಲ, ಬರೀ ವಿಚಾರಣೆ ಎಂದುಬಿಟ್ಟರೆ ಆ ರಕ್ಷಣೆಗಳೆಲ್ಲ ಠಾಣೆಯ ಹೊಸ್ತಿಲಾಚೆಯೇ ಉಳಿಯುತ್ತವೆ ಎಂಬುದನ್ನು ನಾನು ಕಂಡದ್ದು ಆ ರಾತ್ರಿ.

ನಮ್ಮ ಅಜ್ಜನ ಊರು ಹರಪನಹಳ್ಳಿ ಕಡೆಯದು. ಬ್ರಿಟಿಷರ ಕಾಲದಲ್ಲಿ ಅದು ಮದ್ರಾಸ್ ಪ್ರಾಂತ್ಯ. ಹುಟ್ಟಿನಿಂದಲೇ ಮನುಷ್ಯರನ್ನು ಕಳ್ಳರೆಂದು ಎಣಿಸಿದ 1871ರ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ಆ ಪ್ರಾಂತ್ಯಕ್ಕೂ ವಿಸ್ತರಿಸಲಾಯಿತು. 1952ರ ಆಗಸ್ಟ್ 31ರ ಹೊತ್ತಿಗೆ ದೇಶದಾದ್ಯಂತ ಅದು ರದ್ದಾದರೂ, ಪದೇ ಪದೇ ಅಪರಾಧ ಮಾಡುವವರ ಮೇಲೆ ಕಣ್ಣಿಡುವ ರೂಢಿಗತ ಅಪರಾಧಿಗಳ ಕಾಯ್ದೆಗಳು ರಾಜ್ಯಗಳಲ್ಲಿ ಅದರ ಜಾಗಕ್ಕೆ ಬಂದವು, ಕರ್ನಾಟಕದ್ದು 1961ರದ್ದು. ಮಾವನನ್ನು ಹಿಡಿದ ಎರಡು ತಿಂಗಳಿಗೆ, ಹಿಂದುಳಿದ ಹಾಗೂ ಪರಿಶಿಷ್ಟ ಸಮುದಾಯಗಳ ನಿರಪರಾಧಿಗಳ ಹೆಸರನ್ನು ಯಾಂತ್ರಿಕವಾಗಿ ಹಿಸ್ಟರಿ ಶೀಟಿಗೆ, ಅಂದರೆ ಕಣ್ಣಿಡಬೇಕಾದವರ ಬಗ್ಗೆ ಠಾಣೆಯಲ್ಲಿಡುವ ದಾಖಲೆಗೆ, ಸೇರಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿತು. ಅಕ್ಟೋಬರ್ 3ರಂದು, ಜೈಲುಗಳಲ್ಲಿನ ಜಾತಿ ತಾರತಮ್ಯದ ಪ್ರಕರಣದಲ್ಲಿ, ವಿಮುಕ್ತ ಬುಡಕಟ್ಟುಗಳ, ಅಂದರೆ ಆ ಹಳೆಯ ಕಾಯ್ದೆಯ ಪಟ್ಟಿಯಿಂದ ಬಿಡುಗಡೆಯಾದ ನಮ್ಮಂಥ, ಜನರನ್ನು ಮನಸ್ಸಿಗೆ ಬಂದಂತೆ ಬಂಧಿಸಕೂಡದೆಂದು ಪೊಲೀಸರಿಗೆ ಸೂಚಿಸಿತು. ಎರಡೂ ತೀರ್ಪುಗಳನ್ನು ನಾನು ಮಾವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡು, "ಠಾಣೇಲಿ ಇದನ್ನ ಯಾರು ಓದಿ ಹೇಳ್ತಾರವ್ವ?" ಎಂದ.

ಆಮೇಲೆ ಆತ ದಾವಣಗೆರೆಗೆ ಬರುವುದನ್ನೇ ಬಿಟ್ಟ. ತಾನೇ ಕೂತು 150 ರೂಪಾಯಿಗೆ ಮಾರುತ್ತಿದ್ದ ಮೊರವನ್ನು ಈಗ ಊರಿಗೇ ಬರುವ ದಲ್ಲಾಳಿಗೆ 80ಕ್ಕೆ ಕೊಡುತ್ತಾನೆ. ದೇಶದಲ್ಲೆಲ್ಲ ಓಡಾಡುವ, ಇಷ್ಟಬಂದ ಕಸುಬು ಮಾಡುವ ಹಕ್ಕು 19ನೇ ವಿಧಿಯಲ್ಲಿದೆ. ಯಾರ ಆದೇಶವೂ ಇಲ್ಲದೆ, ಏಳು ಗಂಟೆಗಳ ಆ ವಿಚಾರಣೆಯೊಂದರಿಂದಲೇ ಅದು ಆತನ ಕೈತಪ್ಪಿತು.

ಮತ್ತೆ ಜಾತ್ರೆ ಹತ್ತಿರವಾದಾಗ ಮಾವ ಫೋನ್ ಮಾಡಿ, "ಇವನು ಕಳ್ಳ ಅಲ್ಲ ಅಂತ ಒಂದು ಕಾಗದ ಬರೆದು ಸೀಲು ಹಾಕಿಸಿ ಕೊಡವ್ವ, ಜೇಬಲ್ಲಿಟ್ಕೊಂಡು ಬರ್ತೀನಿ" ಎಂದ. ಆ ಕಾಗದವನ್ನು ನಾನು ಬರೆಯಲಿಲ್ಲ. ಯಾವ ಕಾನೂನಿನಡಿ ಆತನ ಬೆರಳಚ್ಚು ತೆಗೆದುಕೊಂಡಿರಿ, ಅದು ಈಗ ಎಲ್ಲಿದೆ ಎಂದು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಆತ ಅದಕ್ಕೆ ಸಹಿ ಹಾಕಿದ್ದಾನೆ.