ಬೆಳಗ್ಗೆ ಆರರ ಬ್ಯಾಚ್ ಕಂಪ್ಯೂಟರಿಗೆ ಗೊತ್ತಿರಲಿಲ್ಲ

ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಶಟಲ್ ಹಾಲ್ ಇದೆ. ಅಲ್ಲಿ ನಾನು ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್ ಅಷ್ಟೇ, ನೆಟ್ ಕಟ್ಟುವುದರಿಂದ ಹಿಡಿದು ಮಕ್ಕಳು ಮರೆತುಹೋದ ನೀರಿನ ಬಾಟಲಿ ಹುಡುಕಿಕೊಡುವವರೆಗೆ ಎಲ್ಲಾ ನಾನೇ. ನಾಲ್ಕು ಕೋರ್ಟ್, ಹಿಂದೆ ಒಂದು ಸಣ್ಣ ಜಿಮ್, ಏಪ್ರಿಲ್ ಬಂದರೆ ಮಕ್ಕಳ ಸಮ್ಮರ್ ಕ್ಯಾಂಪ್.

ಮೊದಲು ನಮ್ಮ ಬುಕಿಂಗ್ ಮೂರು ಕಡೆ ಇರುತ್ತಿತ್ತು: ಕೌಂಟರ್‌ನ ದಪ್ಪ ರಿಜಿಸ್ಟರ್, ನನ್ನ ವಾಟ್ಸಾಪ್, ಮತ್ತೆ ಕೋಚ್ ತಲೆ. ಸಂಜೆ ಏಳರ ಕೋರ್ಟನ್ನು ನಾನು ಫೋನಲ್ಲಿ ಒಬ್ಬರಿಗೆ ಕೊಟ್ಟಿರುತ್ತಿದ್ದೆ. ಕೌಂಟರ್ ಹುಡುಗಿ ಅದನ್ನೇ ಇನ್ನೊಬ್ಬರಿಗೆ ಬರೆದಿರುತ್ತಿದ್ದಳು. ಅವಳಿಗೆ ಎಷ್ಟೋ ಸಲ ಬೈದಿದ್ದೇನೆ. ಪಾಪ, ಅವಳ ಪುಸ್ತಕದಲ್ಲಿ ಆ ಜಾಗ ಖಾಲಿಯೇ ಇತ್ತಲ್ವಾ?

2020ರ ಲಾಕ್‌ಡೌನ್ ಮುಗಿದು ಬಾಗಿಲು ತೆಗೆದಾಗ ಇನ್ನೊಂದು ಪೇಚಾಟ. ವರ್ಷದ ಮೆಂಬರ್‌ಶಿಪ್ ಕಟ್ಟಿದವರಿಗೆ ಮುಚ್ಚಿದ್ದ ದಿನಗಳನ್ನು ಮುಂದಕ್ಕೆ ಹಾಕಿಕೊಡಬೇಕಿತ್ತು. ಒಬ್ಬೊಬ್ಬರ ರಸೀದಿ ಹುಡುಕಿ, ಕ್ಯಾಲೆಂಡರ್ ಮೇಲೆ ಬೆರಳಿಟ್ಟು ದಿನ ಎಣಿಸಿದೆವು. ಕೊನೆಗೆ ಯಾರು ಏನು ಹೇಳಿದರೋ ಅದನ್ನೇ ನಂಬಿದೆವು.

ಆಮೇಲೆ ಮಾಲೀಕರು ಕ್ಲೌಡ್ ಸಾಫ್ಟ್‌ವೇರ್ ಹಾಕಿಸಿದರು. ಕ್ಲೌಡ್ ಅಂದರೆ ನಮ್ಮ ರಿಜಿಸ್ಟರ್ ಕೌಂಟರ್ ಕಂಪ್ಯೂಟರಲ್ಲಿ ಇರುವುದಿಲ್ಲ, ದೂರದ ಸರ್ವರ್‌ನಲ್ಲಿ ಇರುತ್ತದೆ. ನನ್ನ ಫೋನು, ಕೌಂಟರು, ಆಡುವವರ ಫೋನು, ಎಲ್ಲಾ ನೋಡುವುದು ಅದೊಂದೇ ಪುಟ. ಯಾರು ಮೊದಲು ಒತ್ತಿದರೋ ಕೋರ್ಟ್ ಅವರದ್ದು, ಎರಡನೆಯವರಿಗೆ ಅಲ್ಲೇ ‘ಭರ್ತಿ’ ಅಂತ ಕಾಣುತ್ತದೆ. ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಹುಡುಗರು ಸಂಜೆ ರೈಲು ಹಿರೇಹಳ್ಳಿ ದಾಟುವಾಗಲೇ ಕೋರ್ಟ್ ಹಿಡಿದು, ಯುಪಿಐಯಲ್ಲಿ ದುಡ್ಡೂ ಹಾಕಿಬಿಡುತ್ತಾರೆ.

ಇಷ್ಟೆಲ್ಲಾ ಮೊದಲ ದಿನವೇ ಆಯಿತು ಅಂದುಕೊಳ್ಳಬೇಡಿ. ಮೊದಲ ಸೋಮವಾರ ಬೆಳಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ವಾಚ್‌ಮನ್ ಫೋನ್ ಮಾಡಿದರು. “ಸಾರ್, ಬೇಗ ಬನ್ನಿ, ಜಗಳ ಆಗ್ತಾ ಇದೆ.”

ಆರು ಗಂಟೆಗೆ ಒಂದನೇ ಕೋರ್ಟಲ್ಲಿ ಆಡುವುದು ರಿಟೈರ್ಡ್ ಮೇಷ್ಟ್ರೊಬ್ಬರ ಗುಂಪು. ಹಾಲ್ ಶುರುವಾದಾಗಿಂದ ಆ ಹೊತ್ತು ಅವರದ್ದೇ. ಅವರು ಯಾವತ್ತೂ ಬುಕ್ ಮಾಡಿದವರಲ್ಲ, ನಾವು ಯಾವತ್ತೂ ಬರೆದವರಲ್ಲ. ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಎಲ್ಲೂ ಬರೆದಿರಲಿಲ್ಲ. ಕಂಪ್ಯೂಟರಿಗೆ ಮಾತ್ರ ಅದು ಖಾಲಿ ಕೋರ್ಟ್. ನಾಲ್ಕು ಕಾಲೇಜು ಹುಡುಗರು ದುಡ್ಡು ಕಟ್ಟಿ, ಮೊಬೈಲಲ್ಲಿ ರಸೀದಿ ತೋರಿಸುತ್ತಾ ನಿಂತಿದ್ದರು.

ಮೇಷ್ಟ್ರು ನನ್ನ ಕಡೆ ತಿರುಗಿ, “ಏನಪ್ಪಾ, ನಾವೂ ಇನ್ಮೇಲೆ ಫೋನಲ್ಲಿ ಕೇಳ್ಕೊಂಡು ಬರ್ಬೇಕೇನೋ?” ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ. ಹುಡುಗರನ್ನು ಮೂರನೇ ಕೋರ್ಟಿಗೆ ಕಳಿಸಿ, ಅವರ ದುಡ್ಡು ವಾಪಸ್ ಮಾಡಿದೆ.

ಸಾಫ್ಟ್‌ವೇರ್ ಕಂಪನಿಯವರನ್ನು ದೂರೋಣ ಅಂತ ಫೋನ್ ಎತ್ತಿದೆ. ಪ್ರತಿ ವಾರ ತಾನಾಗೇ ಬರುವ ಬುಕಿಂಗ್ ಹಾಕುವ ಜಾಗ ಅದರಲ್ಲೇ ಇತ್ತು! ತರಬೇತಿ ದಿನ ತೋರಿಸಿದ್ದರಂತೆ, ನಾನು ಆ ಹೊತ್ತಿಗೆ ಚಹಾ ತರಿಸಲು ಹೋಗಿದ್ದೆ. ಆ ವಾರ ಪೂರ್ತಿ ನಾನೂ ಕೋಚೂ ಕೂತು ತಲೆಯಲ್ಲಿದ್ದದ್ದನ್ನು ಹೊರಗೆ ತೆಗೆದೆವು. ಬುಧವಾರದ ಬ್ಯಾಂಕಿನವರು, ಭಾನುವಾರದ ಡಾಕ್ಟರುಗಳು, ಪರೀಕ್ಷೆ ಬಂದರೆ ತಿಂಗಳು ಬಿಡುವ ಅಕ್ಕತಂಗಿಯರು. ನನ್ನ ಪ್ರಕಾರ ಸಾಫ್ಟ್‌ವೇರ್ ತರುವ ಮೊದಲೇ ಮಾಡಬೇಕಾದ ಕೆಲಸ ಇದು.

ಇನ್ನೊಂದು ತಪ್ಪು, ಹಳೇ ರಿಜಿಸ್ಟರನ್ನೂ ‘ಇರಲಿ ಸುಮ್ನೆ’ ಅಂತ ಇಟ್ಟುಕೊಂಡದ್ದು. ಎರಡು ಪುಸ್ತಕ ಇದ್ದಷ್ಟು ದಿನ ಹಳೇ ಗೋಳೇ. ಒಂದು ದಿನ ಅದನ್ನು ಬೀರುವಿಗೆ ಹಾಕಿ ಬೀಗ ಜಡಿದೆ. ಇಂಟರ್ನೆಟ್ ಹೋದರೆ? ಮಧ್ಯಾಹ್ನ ಮೂರಕ್ಕೆ ಸಂಜೆಯ ಪಟ್ಟಿ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದಿಡುತ್ತೇವೆ. ಕರೆಂಟ್ ಹೋದರೆ ನನ್ನ ಫೋನಿನ ಹಾಟ್‌ಸ್ಪಾಟ್. ಆದರೆ ಆ ಹಾಳೆಯ ಮೇಲೆ ಹೊಸ ಬುಕಿಂಗ್ ಬರೆಯುವುದಿಲ್ಲ.

ಕ್ಯಾಂಪ್ ಮಕ್ಕಳ ವಿಷಯದಲ್ಲಿ ನನಗೆ ಜಾಸ್ತಿ ಸಮಾಧಾನ. ಮೊದಲು ಅವರ ಹೆಸರು, ವಯಸ್ಸು, ಅಮ್ಮಂದಿರ ನಂಬರು ಕೌಂಟರ್ ಮೇಲೆ ತೆರೆದ ಪುಸ್ತಕದಲ್ಲಿ ಬಿದ್ದಿರುತ್ತಿತ್ತು. ಯಾರು ಬೇಕಾದರೂ ಫೋಟೋ ತೆಗೆಯಬಹುದಿತ್ತು. 18 ವರ್ಷದೊಳಗಿನವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ 2023ರ ಡೇಟಾ ಕಾಯ್ದೆಯೇ ಹೇಳುತ್ತದೆ. ಈಗ ಒಬ್ಬೊಬ್ಬರಿಗೂ ಬೇರೆ ಲಾಗಿನ್. ಕೋಚಿಗೆ ತನ್ನ ಬ್ಯಾಚಿನ ಹಾಜರಾತಿ ಕಾಣುತ್ತದೆ, ದುಡ್ಡಿನ ಲೆಕ್ಕ ಕಾಣುವುದಿಲ್ಲ. ಕೆಲಸ ಬಿಟ್ಟುಹೋದವರ ಲಾಗಿನ್ ಅವತ್ತೇ ಮುಚ್ಚುತ್ತೇನೆ.

ಖರ್ಚು ಇದೆ. ಸಾಫ್ಟ್‌ವೇರಿಗೆ ತಿಂಗಳ ಬಾಡಿಗೆ, ಮೇಲೆ 18% ಜಿಎಸ್‌ಟಿ. ಮಾಲೀಕರು ಬಿಲ್ ನೋಡಿ ಗೊಣಗುತ್ತಾರೆ. ಆದರೆ ಹನ್ನೊಂದರಿಂದ ನಾಲ್ಕರವರೆಗೆ ಕೋರ್ಟ್ ಎಷ್ಟು ಖಾಲಿ ಬಿದ್ದಿರುತ್ತದೆ ಅಂತ ಅದೇ ಪರದೆ ತೋರಿಸಿದ್ದು. ಆ ಹೊತ್ತಿಗೆ ಅರ್ಧ ದರ ಇಟ್ಟೆವು, ಈಗ ಸುತ್ತಲಿನ ಮನೆಗಳ ಹೆಂಗಸರ ಒಂದು ಬ್ಯಾಚ್ ನಡೆಯುತ್ತಿದೆ. ಪ್ರತಿ ತಿಂಗಳ ಒಂದನೇ ತಾರೀಕು ಸದಸ್ಯರ ಪಟ್ಟಿ, ಬಾಕಿ ಲೆಕ್ಕ ಎರಡನ್ನೂ ಎಕ್ಸೆಲ್ ಫೈಲಾಗಿ ಇಳಿಸಿ ನಮ್ಮ ಪೆನ್‌ಡ್ರೈವ್‌ನಲ್ಲಿ ಇಡುತ್ತೇನೆ. ನಾಳೆ ಆ ಕಂಪನಿ ಬಾಗಿಲು ಹಾಕಿದರೂ ನಮ್ಮ ಲೆಕ್ಕ ನಮ್ಮ ಹತ್ತಿರ ಇರಬೇಕಲ್ಲ.

ಮೇಷ್ಟ್ರ ಗುಂಪು ಈಗ ಪರದೆಯ ಮೇಲೆ ಹಸಿರು ಬಣ್ಣದಲ್ಲಿದೆ. ಆರರಿಂದ ಏಳು, ಒಂದನೇ ಕೋರ್ಟ್, ಭಾನುವಾರ ಬಿಟ್ಟು.