"ಕೊರೊನಾ ಟೈಮಲ್ಲಿ ನಿಂಗೆ ದೇವ್ರು ಸಿಕ್ಕಿದ್ನಂತೆ, ಹೌದಾ?" ಅಂತ ಕೇಳೋರಿಗೆ

ಹಳೇ ಫ್ರೆಂಡ್ಸ್ ಯಾರೇ ಸಿಗ್ಲಿ, ಸುತ್ತಿ ಬಳಸಿ ಈ ಪ್ರಶ್ನೆ ಬಂದೇ ಬರತ್ತೆ. "ಅಲ್ಲ ಮಾರಾಯ, ದೇವ್ರು ದಿಂಡ್ರು ಅಂದ್ರೆ ನಗ್ತಿದ್ದೋನು ನೀನು, ಈಗ ದಿನಾ ಪ್ರಾರ್ಥನೆ ಮಾಡ್ತೀಯಂತೆ, ಮನೇಲಿ ಕೂತಲ್ಲೇ ಏನಾಯ್ತು ನಿಂಗೆ?" ಕೆಲವರು ನಿಜವಾಗ್ಲೂ ಕುತೂಹಲಕ್ಕೆ ಕೇಳ್ತಾರೆ, ಕೆಲವರು ಕಿಚಾಯಿಸಕ್ಕೆ. ಒಬ್ಬನಂತೂ ನಾನು ಬಾಯಿ ಬಿಡೋಕೆ ಮುಂಚೆನೇ "ಸಂಕಟ ಬಂದಾಗ ವೆಂಕಟರಮಣ, ಅಷ್ಟೇ ತಾನೇ" ಅಂದು ಮುಗಿಸಿಬಿಟ್ಟ. ಅದ್ರಲ್ಲಿ ಸ್ವಲ್ಪ ನಿಜ ಇದೆ, ಇಲ್ಲ ಅನ್ನಲ್ಲ. ಆದ್ರೆ ಪೂರ್ತಿ ಅದೇ ಅಲ್ಲ. ನಿಂತ ನಿಲುವಲ್ಲಿ ಹೇಳೋಕೆ ಬರೋ ವಿಷಯಾನೂ ಅಲ್ಲ, ಅದಕ್ಕೇ ಬರೀತಿದೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸೋದು.

ಪವಾಡದ ಕತೆ ಅಂದ್ಕೊಂಡು ಬಂದಿದ್ರೆ ಸಾರಿ. ಬೆಳಕೂ ಕಾಣಿಸ್ಲಿಲ್ಲ, ಕನಸಲ್ಲಿ ಯಾರೂ ಬರ್ಲೂ ಇಲ್ಲ. ನಂಗೆ ಏನಾದ್ರೂ ಸಿಕ್ಕಿದ್ರೆ ಅದು ಒಣಗಿದ ಬಟ್ಟೆ ಮಡಚೋ ಕೆಲಸದಲ್ಲಿ ಸಿಕ್ಕಿದ್ದು.

2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಪ್ಯಾಂಡೆಮಿಕ್ ಅಂತ ಕರೀತಲ್ಲ, ಅದಾಗಿ ಸ್ವಲ್ಪ ದಿನಕ್ಕೇ ಎಲ್ಲಾ ಕಡೆ ಒಂದು ಉಪದೇಶ ಶುರುವಾಯ್ತು, ನೆನಪಿದೆಯಾ? ಈ ಟೈಮನ್ನ ವೇಸ್ಟ್ ಮಾಡ್ಬೇಡಿ, ಹೊಸ ಭಾಷೆ ಕಲೀರಿ, ಪುಸ್ತಕ ಬರೀರಿ, 1665ರಲ್ಲಿ ಪ್ಲೇಗ್ ಬಂದು ಕೇಂಬ್ರಿಡ್ಜ್ ಮುಚ್ಚಿದಾಗ ನ್ಯೂಟನ್ ಮನೇಲಿ ಕೂತೇ ದೊಡ್ಡ ದೊಡ್ಡ ಕೆಲಸ ಮಾಡಿದ, ನೀವೇನು ಮಾಡ್ತಿದೀರಾ ಅಂತ. ನಾನೂ ನಂಬ್ದೆ. ಒಂದು ಡೈರಿ ತೆಗೆದು ಬೆಳಗ್ಗೆ ಐದಕ್ಕೆ ಏಳೋದು, ಯೋಗ, ಓದು ಅಂತೆಲ್ಲಾ ಟೈಮ್‌ಟೇಬಲ್ ಬರ್ದೆ. ನಾಲ್ಕನೇ ದಿನ ಡೈರಿ ಎಲ್ಲಿ ಹೋಯ್ತೋ ಗೊತ್ತಿಲ್ಲ. ನ್ಯೂಟನ್‌ಗೆ ಮದುವೆ ಆಗಿರಲಿಲ್ಲ, ಮಕ್ಕಳಿರಲಿಲ್ಲ, ಆನ್‌ಲೈನ್ ಕ್ಲಾಸಿಗೆ ಮಗನ್ನ ಎಬ್ಬಿಸೋ ಗೋಳಿರಲಿಲ್ಲ ಅನ್ನೋದನ್ನ ಮಾತ್ರ ಆ ಉಪದೇಶದೋರು ಯಾರೂ ಹೇಳ್ಲಿಲ್ಲ ಬಿಡಿ.

ನಮ್ಮನೇಲಿ ಆಗ ನಾಲ್ಕು ಜನ. ನಾನು, ಹೆಂಡತಿ, ಮಗ, ಅಮ್ಮ. ಎಲ್ಲಾರೂ ದಿನಪೂರ್ತಿ ಒಂದೇ ಸೂರಿನ ಕೆಳಗೆ ಅಂದ್ರೆ ಕೆಲಸ ಎಷ್ಟಿರತ್ತೆ ಅಂತ ನಂಗೆ ಅಲ್ಲಿವರೆಗೆ ಗೊತ್ತೇ ಇರಲಿಲ್ಲ, ನಾಚಿಕೆಗೇಡು, ಆದ್ರೂ ಹೇಳ್ತೀನಿ. ಮೂರನೇ ವಾರ ದೊಡ್ಡ ಜಗಳ ಆಯ್ತು, ಆಮೇಲೆ ಕೆಲಸ ಹಂಚಿಕೆ ಆಯ್ತು. ಬಟ್ಟೆ ಮಡಚಿಡೋದು ನನ್ನ ಪಾಲಿಗೆ ಬಂತು, ಯಾಕಂದ್ರೆ ಅದ್ರಲ್ಲಿ ಸೀಯಿಸೋಕೆ ಒಡೆಯೋಕೆ ಏನೂ ಇಲ್ಲ ಅಂತ ಹೆಂಡತಿ ತೀರ್ಪು. ಅಲ್ಲಿವರೆಗೆ ಆ ಕೆಲಸ ಅಮ್ಮನದ್ದು. ಮೊದಲ ದಿನ ಹೇಳಿಕೊಡೋಕೆ ಅಂತ ಪಕ್ಕದಲ್ಲಿ ಕೂತ್ಲು. ಒಂದೊಂದು ಬಟ್ಟೆ ಮಡಚುವಾಗ್ಲೂ ತುಟಿ ಅಲ್ಲಾಡ್ತಿತ್ತು. "ಏನಮ್ಮ ಅದು?" ಅಂದ್ರೆ, "ಏನಿಲ್ವೋ, ಯಾರ ಬಟ್ಟೆನೋ ಅವ್ರ ಹೆಸರು ಹೇಳ್ತೀನಿ, ಚೆನ್ನಾಗಿಟ್ಟಿರಪ್ಪ ಅಂತೀನಿ" ಅಂದ್ಲು. ಎಷ್ಟು ವರ್ಷದಿಂದ ಅಂತ ಕೇಳಿದ್ದಕ್ಕೆ, "ನೀನು ಹುಟ್ಟಿದಾಗಿಂದ ಇರ್ಬೇಕು" ಅಂತ ನನ್ನ ಶರ್ಟಿನ ಕಾಲರ್ ಸರಿಮಾಡಿದ್ಲು. ನಂಗೆ ನಗು ಬಂತು, ನಿಜ ಹೇಳ್ಬೇಕಂದ್ರೆ. ಒಳಗೆಲ್ಲೋ ಚುರುಕ್ ಅಂತಾನೂ ಅಂತು. ಇಷ್ಟು ವರ್ಷ ನನ್ನ ಬಟ್ಟೆ ಎಲ್ಲ ಅಮ್ಮನ ಪ್ರಾರ್ಥನೆಯಲ್ಲಿ ಮುಳುಗಿ ಎದ್ದು ಬಂದಿವೆ, ನಾನು ಅದನ್ನ ಹಾಕ್ಕೊಂಡು ಹೋಗಿ ಕ್ಯಾಂಟೀನಲ್ಲಿ ದೇವ್ರಿಲ್ಲ ಅಂತ ವಾದ ಮಾಡಿದೀನಿ.

ಆಗ ಎಲ್ಲಾ ಧರ್ಮದ ಜಾಗಗಳೂ ಬಾಗಿಲು ಹಾಕಿದ್ವಲ್ಲ. ಮಾರ್ಚ್ 27ಕ್ಕೆ ಪೋಪ್ ಫ್ರಾನ್ಸಿಸ್ ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚೌಕದಲ್ಲಿ ಮಳೇಲಿ, ಎದುರಿಗೆ ಒಂದು ನರಪಿಳ್ಳೆ ಇಲ್ಲದೆ ಪ್ರಾರ್ಥನೆ ಮಾಡಿದ್ದು ಟಿವಿಯಲ್ಲಿ ಬಂತು. ಹಿಂದಿನ ವರ್ಷ ಸುಮಾರು 25 ಲಕ್ಷ ಜನ ಹೋಗಿದ್ದ ಹಜ್‌ಗೆ ಆ ವರ್ಷ ಹೆಚ್ಚೂಕಮ್ಮಿ ಒಂದು ಸಾವಿರ ಜನಕ್ಕೆ ಮಾತ್ರ ಅವಕಾಶ ಸಿಕ್ತು. ಇನ್ನು ಭಕ್ತಿ ಅನ್ನೋದು ಹೇಗೆ ಉಳಿಯತ್ತೆ ಅಂತ ನಾನು ಸ್ವಲ್ಪ ವ್ಯಂಗ್ಯವಾಗೇ ಅಮ್ಮನ್ನ ಕೇಳಿದೆ. ಅವ್ಳು ನನ್ನ ಮುಖ ನೋಡಿ, "ಬಾಗಿಲು ಹಾಕಿದ್ದು ಅಲ್ಲಿ ಕಣೋ" ಅಂದು ಎದ್ದು ಹೋದ್ಲು. ಅವ್ಳಿಗೆ ಏನೂ ನಿಂತೇ ಇರಲಿಲ್ಲ. ಕೈ ತೊಳೆಯೋ 20 ಸೆಕೆಂಡನ್ನೂ ಬಿಡ್ತಿರಲಿಲ್ಲ. ಸೋಪು ವೈರಸ್ಸಿನ ಮೇಲಿನ ಕೊಬ್ಬಿನ ಪದರಾನ ಒಡೆಯತ್ತೆ, ಅದಕ್ಕೆ ಅಷ್ಟು ಹೊತ್ತು ಉಜ್ಜಬೇಕು ಅಂತ ಮೊಮ್ಮಗ ವಿವರಿಸಿದ್ದ, ಇವ್ಳು ಸೆಕೆಂಡ್ ಎಣಿಸೋ ಬದಲು ಪ್ರಾರ್ಥನೆ ಹೇಳೋಳು. ಅದು ಮುಗಿಯೋ ಹೊತ್ತಿಗೆ ಕೈಯೂ ಕ್ಲೀನ್.

ಇಷ್ಟರಲ್ಲೇ ನಾನು ಬದಲಾದೆ ಅಂದ್ಕೋಬೇಡಿ. ಒಂದು ವರ್ಷ ಬಟ್ಟೆ ಮಡಚಿದೀನಿ, ಇಯರ್‌ಫೋನ್ ಹಾಕ್ಕೊಂಡು.

2021ರಲ್ಲಿ ಹೆಂಡತಿಗೆ ಪಾಸಿಟಿವ್ ಬಂತು. ಕೊನೇ ರೂಮಿಗೆ ಹೋಗಿ ಅವ್ಳೇ ಬಾಗಿಲು ಹಾಕ್ಕೊಂಡ್ಲು. ಊಟ ಬಾಗಿಲ ಹತ್ರ ಇಟ್ಟು ದೂರ ಸರಿಯೋದು, ರಾತ್ರಿ ನಾನು ಪ್ಯಾಸೇಜಲ್ಲಿ ಮಾಸ್ಕ್ ಹಾಕ್ಕೊಂಡು ಕುರ್ಚಿ ಹಾಕ್ಕೊಂಡು ಕೂರೋದು, ಅವ್ಳು ಒಳಗಿಂದ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋ ಮೆಷಿನ್) ನಂಬರ್ ಕೂಗೋದು, ನಾನು ಬರ್ಕೊಳ್ಳೋದು. ಮಗ ಒಂದಿನ ಬಾಗಿಲಾಚೆ ನಿಂತು, ಅಮ್ಮಾ ಕ್ವಾರಂಟೈನ್ ಅನ್ನೋ ಪದ ವೆನಿಸ್‌ನೋರ ಭಾಷೆಯಿಂದ ಬಂದಿದ್ದಂತೆ, ನಲವತ್ತು ದಿನ ಅಂತ ಅರ್ಥ, ಪ್ಲೇಗ್ ಕಾಲದಲ್ಲಿ ಹಡಗುಗಳನ್ನ ಅಷ್ಟು ದಿನ ದಡಕ್ಕೆ ಸೇರಿಸ್ತಿರಲಿಲ್ವಂತೆ ಅಂತ ಓದಿ ಹೇಳಿದ. ಒಳಗಿಂದ "ನಲವತ್ತು ದಿನ ನಿಮ್ಮಪ್ಪನ ಕೈಲಿ ಅಡುಗೆಮನೆ ಕೊಟ್ರೆ ನಾನು ಹಡಗು ಹತ್ತೇ ಹೋಗ್ತೀನಿ" ಅಂತ ಬಂತು. ನಗ್ತಿದ್ದಾಳೆ ಅಂದ್ರೆ ಪರವಾಗಿಲ್ಲ ಅಂತ ನಾವು ಮೂರೂ ಜನ ಸಮಾಧಾನ ಮಾಡ್ಕೊಂಡ್ವಿ.

ಆರನೇ ರಾತ್ರಿ ಎರಡು ಗಂಟೆಗೆ 91 ಅಂದ್ಲು. 94ಕ್ಕಿಂತ ಕೆಳಗೆ ಹೋದ್ರೆ ತಡ ಮಾಡಬೇಡಿ ಅಂತ ಡಾಕ್ಟರ್ ಹೇಳಿದ್ರು, ಆ ನಂಬರ್ ನನ್ನ ತಲೇಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಡಾಕ್ಟರಿಗೆ ಫೋನ್ ಮಾಡಿದ್ರೆ ರಿಂಗ್ ಆಗ್ತಾನೇ ಇದೆ. ನನ್ನ ಕಾಲಿಗೆ ಶಕ್ತಿನೇ ಇಲ್ಲ. ಅಮ್ಮ ಎದ್ದು ಬಂದೋಳು ಬಾಗಿಲ ಹತ್ರ ಹೋಗಿ, "ಕೈ ತಣ್ಣಗಿದೆಯೇನಮ್ಮ?" ಅಂತ ಕೇಳಿದ್ಲು. ಹೌದು, ಐಸ್ ಥರ ಇತ್ತಂತೆ. ಬೆರಳು ತಣ್ಣಗಿದ್ರೆ ಅಲ್ಲಿ ರಕ್ತ ಓಡಾಟ ಕಮ್ಮಿಯಾಗಿ ಆ ಮೆಷಿನ್ ತಪ್ಪು ತೋರಿಸಬಹುದು, ಉಗುರಿಗೆ ಪಾಲಿಶ್ ಇದ್ರೂ ಅಷ್ಟೇ, ಇದನ್ನ ಡಾಕ್ಟ್ರೇ ಮೊದಲ ದಿನ ಹೇಳಿದ್ರು, ನಾನು ಬರ್ಕೊಂಡೂ ಇದ್ದೆ, ಆ ಹೊತ್ತಲ್ಲಿ ನೆನಪಾಗಿದ್ದು ಅಮ್ಮಂಗೆ. ಕೈ ಚೆನ್ನಾಗಿ ಉಜ್ಜಿ ಬಿಸಿ ಮಾಡ್ಕೊಂಡು, ಬೇರೆ ಬೆರಳಿಗೆ ಹಾಕಿ ಅಲ್ಲಾಡದೆ ಕೂತು ನೋಡಿದ್ಲು. 95. ಅಷ್ಟರಲ್ಲಿ ಡಾಕ್ಟರ್ ವಾಪಸ್ ಫೋನ್ ಮಾಡಿ, ಬೋರಲು ಮಲಗಲಿ, ಗಂಟೆಗೊಮ್ಮೆ ನೋಡಿ ಅಂದ್ರು. ಬೆಳಗಿನವರೆಗೂ ನೋಡಿದ್ವಿ.

ಆ ಕೈ ಉಜ್ಜಿದ ಒಂದೆರಡು ನಿಮಿಷ ಇದೆಯಲ್ಲ, ಆಗ ನಾನು "ಅವ್ಳನ್ನ ಉಳಿಸಪ್ಪ" ಅಂತ ಗೋಡೆಗೆ ಹಣೆ ಒತ್ತಿ ಅಂದಿದ್ದು ಹೌದು. ಅದು ವೆಂಕಟರಮಣನ ಲೆಕ್ಕಕ್ಕೇ ಹೋಗ್ಲಿ. ಭಯ ಅದು, ಬೇರೇನೂ ಅಲ್ಲ, ನಂಬರ್ ಸರಿಹೋದ ಮೇಲೆ ಆ ಮಾತು ಮರ್ತೂ ಹೋಯ್ತು.

ಮರುದಿನ ಮಧ್ಯಾಹ್ನ ಬಟ್ಟೆ ರಾಶಿ ಮುಂದೆ ಕೂತೆ. ಅವ್ಳ ಬಟ್ಟೆ ಬೇರೆ ನೆನೆಸ್ತಿದ್ವಿ, ಬೇರೆ ಒಣಗಿಸ್ತಿದ್ವಿ, ರಾಶಿಯಲ್ಲಿ ಬರ್ತಾನೇ ಇರಲಿಲ್ಲ. ಆರು ದಿನದಿಂದ ಹಾಗೇ ಇತ್ತು, ನಾನು ಗಮನಿಸಿದ್ದು ಅವತ್ತು. ನನ್ನದು, ಮಗನದು, ಅಮ್ಮನದು, ಮೂರು ಕಟ್ಟು ಆದ್ಮೇಲೆ ನಾಲ್ಕನೇ ಜಾಗ ಖಾಲಿ. ಮಂಚದ ಮೇಲೆ ಅಷ್ಟಗಲ ಜಾಗ. ಅದನ್ನ ನೋಡ್ತಾ ನೋಡ್ತಾ ಅವ್ಳ ಹೆಸರು ಬಾಯಿಗೆ ಬಂತು. ಅಷ್ಟೇ. ಕೇಳ್ಕೊಂಡಿದ್ದೂ ಇಲ್ಲ, ಬೇಡಿದ್ದೂ ಇಲ್ಲ, ಹೆಸರು ಹೇಳ್ದೆ. ಆಮೇಲೆ ಅಮ್ಮನ ಬಟ್ಟೆ ಮೇಲೆ ಕೈ ಇಟ್ಟು ಅಮ್ಮನ ಹೆಸರು, ಮಗನ ಹೆಸರು. ಹಿಂದಿನ ರಾತ್ರಿ ಥರ ನಡುಕ ಇರಲಿಲ್ಲ. ಮುಂದೇನಾಗತ್ತೋ ಗೊತ್ತಿಲ್ಲ, ಆದ್ರೆ ಈ ಹೆಸರುಗಳನ್ನ ಒಬ್ಬನೇ ಹೊತ್ಕೊಂಡಿಲ್ಲ ಅನ್ನೋ ಥರ ಏನೋ. ಇದಕ್ಕಿಂತ ಚೆನ್ನಾಗಿ ವಿವರಿಸೋಕೆ ನಂಗೆ ಬರಲ್ಲ, ಎಷ್ಟೋ ಸಲ ಟ್ರೈ ಮಾಡಿದೀನಿ.

ಅವ್ಳು ಹುಷಾರಾದ್ಲು. ಆದ್ರೆ ದಯವಿಟ್ಟು "ನೋಡು, ನಿನ್ನ ಪ್ರಾರ್ಥನೆ ಫಲಿಸ್ತು" ಅನ್ಬೇಡಿ, ಆ ಮಾತು ಕೇಳಿದ್ರೆ ನಂಗೆ ಮೈ ಉರಿಯತ್ತೆ. ಅದೇ ತಿಂಗಳು ನನ್ನ ಕ್ಲೋಸ್ ಫ್ರೆಂಡ್ ಒಬ್ಬನ ಅಪ್ಪ ಹೋದ್ರು. ಅವ್ನು ನನಗಿಂತ ಹತ್ತು ಪಟ್ಟು ಭಕ್ತ, ಅವ್ನ ಮನೇಲಿ ಪ್ರಾರ್ಥನೆಗೇನು ಕಮ್ಮಿ ಇರಲಿಲ್ಲ. ಮುಖ ನೋಡೋಕೂ ಆಗ್ಲಿಲ್ಲ ಅವ್ನಿಗೆ. ಅವತ್ತಿಂದ ಬಿಟ್ಟುಬಿಟ್ಟ, ಪೂರ್ತಿ. ನಾನು ಹಿಡ್ಕೊಂಡ ಹೊತ್ತಲ್ಲೇ ಅವ್ನು ಬಿಟ್ಟ. ನಾವಿಬ್ರೂ ಸಿಗ್ತಿರ್ತೀವಿ, ಈ ವಿಷಯ ಬಂದ್ರೆ ಅವ್ನು ಸುಮ್ನಾಗ್ತಾನೆ, ನಾನೂ ಸುಮ್ನಾಗ್ತೀನಿ. ಅವ್ನಿಗೆ ಕೊಡೋಕೆ ನನ್ನ ಹತ್ರ ಉತ್ತರ ಇಲ್ಲ, ಇದೆ ಅಂತ ನಟಿಸೋದೂ ಇಲ್ಲ. ಕೊರೊನಾ ನಮಗೆ ಪಾಠ ಕಲಿಸೋಕೆ ಬಂತು ಅಂತಾರಲ್ಲ ಕೆಲವರು, ಅವ್ರು ಒಂದ್ಸಲ ಅವ್ನ ಮುಂದೆ ಕೂತು ಅದನ್ನ ಹೇಳ್ಲಿ ನೋಡೋಣ.

ಹಾಗಾದ್ರೆ ನೀನೇನು ಬೆಳೆದೆ ಅಂತ ಮುಂದಿನ ಪ್ರಶ್ನೆ ಬರತ್ತೆ. ಇದನ್ನ ನನ್ನ ಹೆಂಡತಿನ ಕೇಳೋದು ಒಳ್ಳೇದು. ಸಿಟ್ಟು ಹೋಗಿಲ್ಲ ಅಂತಾಳೆ, ಕೂಗಾಟ ಸ್ವಲ್ಪ ಕಮ್ಮಿಯಾಗಿದೆಯಂತೆ. ನಂಗೆ ಅನ್ಸೋದು ಏನಂದ್ರೆ, ಮಗನ ಮೇಲೆ ರೇಗಿದ ದಿನ ಅವ್ನ ಟೀಶರ್ಟ್ ಮಡಚೋಕೆ ಕೂತ್ರೆ ಹೆಸರು ಬಾಯಿಂದ ಸಲೀಸಾಗಿ ಬರಲ್ಲ, ಗಂಟಲಲ್ಲೇ ನಿಲ್ಲತ್ತೆ, ಎದ್ದು ಹೋಗಿ ಸಾರಿ ಕೇಳಿ ಬಂದ ಮೇಲೇನೇ ಆ ಕಟ್ಟು ಮುಗಿಯೋದು. ಒಂದೆರಡು ಸಲ ಕೇಳದೇನೂ ಮಡಚಿದೀನಿ, ಅದು ಬೇರೆ ವಿಷಯ.

2023ರ ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗೀತು ಅಂತು. ನಮ್ಮನೇಲಿ ಕೆಲಸ ಹಂಚಿಕೆ ಮಾತ್ರ ಹಾಗೇ ಇದೆ, ಬಟ್ಟೆ ನಂದೇ. ಮಗ ಈಗ ಓದೋಕೆ ಅಂತ ಹಾಸ್ಟೆಲ್ಲಲ್ಲಿದ್ದಾನೆ, ಅವ್ನ ಕಟ್ಟಿನ ಜಾಗ ಖಾಲಿ, ಆದ್ರೂ ಅಲ್ಲಿಗೆ ಬಂದಾಗ ಅವ್ನ ಹೆಸರು ಹೇಳ್ತೀನಿ. ಆ ಫ್ರೆಂಡಿನ ಹೆಸರೂ ಹೇಳ್ತೀನಿ, ಅವ್ನಿಗೆ ಗೊತ್ತಿಲ್ಲ, ಗೊತ್ತಾದ್ರೆ ಬೈತಾನೆ. ಮೊನ್ನೆ ಹೆಂಡತಿ ಬಾಗಿಲಲ್ಲಿ ನಿಂತು ನೋಡ್ತಿದ್ದೋಳು ಹತ್ರ ಬಂದು, ನಾನು ಅಷ್ಟು ಹೊತ್ತು ಕಣ್ಮುಚ್ಚಿ ಮಡಚಿದ್ದ ದುಪಟ್ಟಾನ ಪೂರ್ತಿ ಬಿಡಿಸಿ, "ಇಷ್ಟು ವರ್ಷ ಆದ್ರೂ ಅಂಚಿಗೆ ಅಂಚು ಸೇರಿಸೋಕೆ ಬರ್ಲಿಲ್ವಲ್ರೀ" ಅಂತ ಮೊದಲಿಂದ ಮಡಚೋಕೆ ಶುರು ಮಾಡಿದ್ಲು.