ಅಚ್ಚು ಬೀಳದ ಪ್ಯಾಡು

ಮದುಮಗಳ ಎಡಗೆನ್ನೆಯ ಮೇಲೆ ಒಂದು ಹಸಿರು ಚೌಕ ಕೂತಿತ್ತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಧಾರೆಯ ಶಾಟು ಅದು. ತೆಂಗಿನಕಾಯಿಯ ಮೇಲೆ ಹಾಲು ಬೀಳ್ತಾ ಇದೆ, ಅವಳು ತಲೆ ತಗ್ಗಿಸಿದ್ದಾಳೆ, ಕೆನ್ನೆ ಮೇಲೆ ಈ ಚೌಕ. ಒಂದು ಫ್ರೇಮ್ ಮುಂದಕ್ಕೆ ಹೋದೆ, ಇಲ್ಲ. ಒಂದು ಫ್ರೇಮ್ ಹಿಂದಕ್ಕೆ ಬಂದೆ, ಇಲ್ಲ. ಆ ಒಂದೇ ಒಂದು ಫ್ರೇಮಿನಲ್ಲಿತ್ತು. ಕ್ಯಾಮೆರಾದ ಮೂಲ ಫೈಲ್ ತೆಗೆದು ನೋಡಿದೆ. ಅದರಲ್ಲಿ ಕೆನ್ನೆ ಸ್ವಚ್ಛವಾಗಿತ್ತು. ಅಂದರೆ ಚೌಕ ಹುಟ್ಟಿದ್ದು ನನ್ನ ಕಂಪ್ಯೂಟರ್ ಒಳಗೆ.

ತುಮಕೂರಿನಲ್ಲಿ ನನ್ನದು ಸಣ್ಣ ಸ್ಟುಡಿಯೊ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ಮಾಡಿ, ಎಡಿಟ್ ಮಾಡಿ ಕೊಡ್ತೀನಿ. ಇದು ಗುಬ್ಬಿ ಕಡೆಯವರ ಮದುವೆ. ಮಂಗಳವಾರ ಬೀಗರೂಟ. "ಊಟಕ್ಕೆ ಕೂರೋ ಮುಂಚೆ ದೊಡ್ಡ ಪರದೇಲಿ ಒಂದು ಹತ್ತು ನಿಮಿಷ ಎಲ್ಲರೂ ನೋಡ್ಬೇಕು ಸಾರ್" ಅಂತ ಹುಡುಗಿಯ ತಂದೆ ಅಡ್ವಾನ್ಸ್ ಕೊಡುವಾಗಲೇ ಹೇಳಿದ್ದರು. ಚೌಕ ನನ್ನ ಕಣ್ಣಿಗೆ ಬಿದ್ದದ್ದು ಶನಿವಾರ ಬೆಳಿಗ್ಗೆ.

ಅದಕ್ಕೂ ಮುಂಚೆ, ಶುಕ್ರವಾರ ಮಧ್ಯಾಹ್ನವೇ ತೊಂದರೆ ಶುರುವಾಗಿತ್ತು. ಎಡಿಟಿಂಗ್ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ನಲ್ಲಿ ಎಕ್ಸ್‌ಪೋರ್ಟ್ ಕೊಟ್ಟರೆ ಅರ್ಧ ದಾರಿಯಲ್ಲಿ ಪರದೆ ಕಪ್ಪಾಗುತ್ತಿತ್ತು. ಎರಡು ಕ್ಷಣಕ್ಕೆ ಪರದೆ ವಾಪಸ್ ಬರುತ್ತಿತ್ತು, ರಿಸಾಲ್ವ್ ಮಾತ್ರ ಮುಚ್ಚಿಹೋಗಿರುತ್ತಿತ್ತು. ಒಂದು ಸಲ 37 ಪರ್ಸೆಂಟ್‌ಗೆ, ಇನ್ನೊಂದು ಸಲ 61ಕ್ಕೆ. ಮಧ್ಯಾಹ್ನವೆಲ್ಲ ಕೈಕೊಟ್ಟದ್ದು ರಾತ್ರಿ ಹನ್ನೊಂದರ ಮೇಲೆ ಸುಮ್ನೆ ಪೂರ್ತಿ ಮುಗಿದುಬಿಟ್ಟಿತು. ಆ ಫೈಲಿನಲ್ಲೇ ಹಸಿರು ಚೌಕ ಸಿಕ್ಕಿದ್ದು.

ಹಗಲು ಕೆಡುತ್ತೆ, ರಾತ್ರಿ ನಡೆಯುತ್ತೆ. ಇದನ್ನು ಕೇಳಿದ ಎಲ್ಲರೂ ಒಂದೇ ಮಾತು ಹೇಳಿದರು: "ಹಗಲು ವೋಲ್ಟೇಜ್ ಸರಿ ಇರಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಪವರ್ ಸಾಕಾಗ್ತಿಲ್ಲ." ನನಗೂ ಹೌದು ಅನ್ನಿಸಿತು. ಪಕ್ಕದ ಅಂಗಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಕಾರ್ಡ್ ಮುಗೀತು ಬಿಡಿ, ಹೊಸದು ತಗೊಳ್ಳಿ" ಅಂದರು. ಚಿತ್ರದ ಲೆಕ್ಕವೆಲ್ಲ ಮಾಡುವ ಈ ಕಾರ್ಡು ಜಿಟಿಎಕ್ಸ್ 1660 ಸೂಪರ್, 6 ಜಿಬಿ ಮೆಮೊರಿ. 2023ರ ಶುರುವಿನಲ್ಲಿ ಸೆಕೆಂಡ್‌ಹ್ಯಾಂಡ್ ತಂದಿದ್ದು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ನಾಣ್ಯಕ್ಕೆ ಗ್ರಾಫಿಕ್ಸ್ ಕಾರ್ಡಿನಿಂದ ಮೈನಿಂಗ್ ಮಾಡೋದು, ಅಂದರೆ ಲೆಕ್ಕ ಮಾಡಿಸಿ ನಾಣ್ಯ ಗಳಿಸೋದು, ನಿಂತುಹೋಯಿತು. ಅದಾದ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿ ಮಾರಾಟಕ್ಕೆ ಬಂದವು. ನನ್ನದೂ ಆ ರಾಶಿಯದ್ದೇ ಅಂತ ತಿಳಿದೇ ತಂದಿದ್ದೆ. ಒಂದು ವರ್ಷ ಚೆನ್ನಾಗೇ ದುಡಿದಿತ್ತು. ಆಮೇಲೆ ಬದಲಾಗಿದ್ದು ಇಷ್ಟೇ: 4ಕೆ ಶೂಟ್ ಶುರು ಮಾಡಿದ್ದೆ, ಛತ್ರದ ಮಂಕು ಬೆಳಕಿನ ಶಾಟುಗಳಿಗೆ ಕಾಳು ಕಾಳಾಗಿ ಕಾಣೋದನ್ನು ಅಳಿಸುವ ನಾಯ್ಸ್ ರಿಡಕ್ಷನ್ ಹಾಕ್ತಿದ್ದೆ. ಅದು ಕಾರ್ಡಿನ ಮೆಮೊರಿಯನ್ನು ಜಾಸ್ತಿ ತಿನ್ನುವ ಕೆಲಸ. ಇದಕ್ಕೂ ಈ ತೊಂದರೆಗೂ ನಂಟಿದೆ ಅಂತ ಆಗ ಹೊಳೆಯಲಿಲ್ಲ.

ಶನಿವಾರ ಸಂಜೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಇಲ್ಲೇ ಇಂಜಿನಿಯರಿಂಗ್ ಓದ್ತಾನೆ. "ಮಾಮ, ಏನನ್ನೂ ಮುಟ್ಟಬೇಡಿ, ಬೆಳಿಗ್ಗೆ ಬರ್ತೀನಿ" ಅಂದ. ಭಾನುವಾರ ಎಂಟಕ್ಕೆಲ್ಲ ಬಂದ. ಒಂದು ಕೈಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸೆಲ್, ಇನ್ನೊಂದರಲ್ಲಿ ತನ್ನ ಕಂಪ್ಯೂಟರಿನಿಂದ ಬಿಚ್ಚಿ ತಂದ 650 ವ್ಯಾಟ್ ಪವರ್ ಸಪ್ಲೈ.

ತಿಂಡಿ ಆದಮೇಲೆ ಅವನು ಮೊದಲು ತೆಗೆದದ್ದು ಇವೆಂಟ್ ವ್ಯೂವರ್, ಕಂಪ್ಯೂಟರಿನಲ್ಲಿ ಆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ದಿನಚರಿ. ನಾನು ಇಷ್ಟು ವರ್ಷದಲ್ಲಿ ಅದನ್ನು ಒಂದು ಸಲವೂ ತೆರೆದಿರಲಿಲ್ಲ. ಪರದೆ ಕಪ್ಪಾದ ಪ್ರತಿ ಹೊತ್ತಿಗೂ ಅಲ್ಲಿ 4101 ಅನ್ನುವ ಸಾಲು ಇತ್ತು: ಡಿಸ್‌ಪ್ಲೇ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಉತ್ತರ ಕೊಡೋದು ನಿಲ್ಲಿಸಿತು, ಮತ್ತೆ ಚೇತರಿಸಿಕೊಂಡಿತು ಅಂತ. ವಿಂಡೋಸ್ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಕೊಟ್ಟು 2 ಸೆಕೆಂಡ್ ಕಾಯುತ್ತಂತೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಡ್ರೈವರನ್ನೇ ಎಬ್ಬಿಸಿ ಕೂರಿಸುತ್ತೆ. "ಪವರ್ ಸಾಲದೆ ಹೋಗಿದ್ರೆ ಸಾಮಾನ್ಯವಾಗಿ ಇಡೀ ಮೆಷಿನ್ ಆರಿ ಮತ್ತೆ ಆನ್ ಆಗುತ್ತೆ ಮಾಮ. ಆಗ ಕರ್ನಲ್ ಪವರ್ 41 ಅಂತ ಬರುತ್ತೆ. ಅದು ಒಂದೂ ಇಲ್ಲ ನೋಡಿ" ಅಂದ. ಯುಪಿಎಸ್ ಪರದೆಯಲ್ಲೂ ವೋಲ್ಟೇಜ್ 225ರ ಆಚೀಚೆ ಇತ್ತು, ಅಲುಗಾಡಿರಲಿಲ್ಲ.

ಆದರೂ ಅನುಮಾನ ಉಳಿಯಬಾರದು ಅಂತ ಪವರ್ ಸಪ್ಲೈ ಬದಲಾಯಿಸಿದೆವು. ಈ ಕಾರ್ಡು ತಿನ್ನೋದು 125 ವ್ಯಾಟ್. ಮದರ್‌ಬೋರ್ಡಿನ ಸ್ಲಾಟಿನಿಂದ 75, ಎಂಟು ಪಿನ್ನಿನ ಕೇಬಲ್‌ನಿಂದ 150ರ ತನಕ ಸಿಗುತ್ತೆ. ನನ್ನ ಹಳೇ ಸಪ್ಲೈಗೇ ಅದು ದೊಡ್ಡ ಹೊರೆಯಲ್ಲ. ಹೊಸದು ಹಾಕಿ ಎಕ್ಸ್‌ಪೋರ್ಟ್ ಕೊಟ್ಟೆವು. 44 ಪರ್ಸೆಂಟ್‌ಗೆ ಕಪ್ಪು. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಅನ್ನುವ ಪ್ರೋಗ್ರಾಂನಿಂದ ಹಳೇ ಡ್ರೈವರ್ ಬೇರುಸಮೇತ ಕಿತ್ತು ಹೊಸದು ಹಾಕಿದೆವು. ಮತ್ತೆ ಕಪ್ಪು. ಹೊತ್ತು ಹನ್ನೊಂದು ದಾಟಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಅಂತ ಅವನ ಹಟ. ಎರಡೂ ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಅಂತ ಗೊತ್ತಾಗಲ್ಲವಲ್ಲ. ನನಗೆ ಒಳಗೊಳಗೇ ಚಡಪಡಿಕೆ, ಆದರೆ ಅವನು ಹೇಳಿದ್ದು ಸರಿ.

ಆಮೇಲೆ ಫರ್‌ಮಾರ್ಕ್. ಕಾರ್ಡಿನ ಮೈ ಬೆವರಿಸೋಕೆ ಎಲ್ಲರೂ ಮೊದಲು ಹಾಕುವ ಪರೀಕ್ಷೆ. ಪರದೆ ತುಂಬ ಒಂದು ರಿಂಗು ತಿರುಗುತ್ತೆ, ಉದ್ದಿನವಡೆಗೆ ಕೂದಲು ಬೆಳೆದ ಹಾಗೆ. ಆ ಒಂದೊಂದು ಕೂದಲನ್ನೂ ಲೆಕ್ಕ ಹಾಕಿ ಹಾಕಿ ಕಾರ್ಡು ಕಾಯುತ್ತೆ. 85 ಡಿಗ್ರಿ ದಾಟಿದರೆ ನಿಲ್ಲಿಸಿಬಿಡೋಣ ಅಂತ ಮೊದಲೇ ಮಾತಾಡಿಕೊಂಡೆವು. ಹತ್ತು ನಿಮಿಷ ಆಯಿತು, ಹದಿನೈದು, ಅರ್ಧ ಗಂಟೆ. 74 ಡಿಗ್ರಿಗೆ ಬಂದು ನಿಂತಿತು. ಒಂದು ಚುಕ್ಕಿ ಬರಲಿಲ್ಲ, ಪರದೆ ನಡುಗಲಿಲ್ಲ.

ಆಗ ನಿಜವಾಗಿ ತಲೆ ಕೆಟ್ಟಿತು. ಪವರ್ ಸರಿ ಇದೆ, ಡ್ರೈವರ್ ಸರಿ ಇದೆ, ಕಾರ್ಡೂ ಪಾಸ್. ಮತ್ತೆ ಆ ಚೌಕ ಎಲ್ಲಿಂದ ಬಂತು?

ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಪೆನ್ನು ತಗೊಂಡು ಇಡ್ಲಿ ಪೊಟ್ಟಣದ ಪೇಪರ್ ಮೇಲೆ ಬರೆದು ತೋರಿಸಿದ. ನಡುವೆ ಒಂದು ದೊಡ್ಡ ಚೌಕ, ಅದು ಮುಖ್ಯ ಚಿಪ್. ಸುತ್ತ ಆರು ಸಣ್ಣ ಚೌಕ, ಒಂದೊಂದು 1 ಜಿಬಿಯ ಮೆಮೊರಿ. "ನಾವು ಇಷ್ಟು ಹೊತ್ತು ನೋಡಿದ 74 ಡಿಗ್ರಿ ಇದರದ್ದು" ಅಂತ ನಡುವಿನ ಚೌಕ ಮುಟ್ಟಿದ. "ಈ ಆರರ ಬಿಸಿ ಎಷ್ಟು ಅಂತ ಈ ಕಾರ್ಡು ನಮಗೆ ಹೇಳೋದೇ ಇಲ್ಲ. ಫರ್‌ಮಾರ್ಕ್ ಅವನ್ನ ಜಾಸ್ತಿ ದುಡಿಸೋದೂ ಇಲ್ಲ."

ನನಗೆ ಅಲ್ಲಿಗೆ ಅರ್ಧ ಅರ್ಥವಾಯಿತು. ಕಾಲು ನೋಯುವವನ ನಾಡಿ ಹಿಡಿದು ಜ್ವರ ಇಲ್ಲ ಅಂದ ಹಾಗಾಗಿತ್ತು ನಮ್ಮ ಪರೀಕ್ಷೆ.

ಮೆಮ್‌ಟೆಸ್ಟ್ ವಲ್ಕನ್ ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ತಿರುಗುವ ರಿಂಗು, ಬಣ್ಣ ಏನೂ ಇಲ್ಲ. ಕಪ್ಪು ಕಿಟಕಿಯಲ್ಲಿ ಅಕ್ಷರಗಳ ಸಾಲು, ಅಷ್ಟೇ. ಕಾರ್ಡಿನ ಮೆಮೊರಿ ತುಂಬ ಏನೋ ಬರೆಯುತ್ತೆ, ವಾಪಸ್ ಓದುತ್ತೆ, ಬರೆದದ್ದೇ ಬಂತಾ ಅಂತ ತಾಳೆ ನೋಡುತ್ತೆ. ಐದು ನಿಮಿಷಕ್ಕೆ ಪಾಸ್ ಅಂತ ಬರೆಯಿತು. ನಾನಾಗಿದ್ದರೆ ಅಲ್ಲಿಗೆ ನಿಲ್ಲಿಸಿಬಿಡ್ತಿದ್ದೆ. ಅವನು ನಿಲ್ಲಿಸಲಿಲ್ಲ. ಎದ್ದುಹೋಗಿ ಫ್ಯಾನ್ ಆರಿಸಿದ, ಕಿಟಕಿ ಬಾಗಿಲು ಹಾಕಿದ. "ಮಧ್ಯಾಹ್ನ ತಾನೇ ಕೆಡೋದು? ಮಧ್ಯಾಹ್ನ ಮಾಡೋಣ."

ಏಪ್ರಿಲ್ ತಿಂಗಳು. ಮೇಲೆ ಆರ್‌ಸಿಸಿ ತಾರಸಿ. ಇಬ್ಬರೂ ಬೆವರು ಒರೆಸಿಕೊಳ್ಳುತ್ತಾ ಆ ಕಪ್ಪು ಕಿಟಕಿ ನೋಡುತ್ತಾ ಕೂತೆವು. ಹನ್ನೊಂದನೇ ನಿಮಿಷಕ್ಕೆ ಮೊದಲ ಎರರ್ ಬಂತು. ಒಂದು. ಅರ್ಧ ನಿಮಿಷ ಬಿಟ್ಟು ಮೂರು. ಆಮೇಲೆ ಸಾಲು ಸಾಲಾಗಿ ಸುರಿಯತೊಡಗಿದವು. ತಪ್ಪು ಕಂಡು ಇಷ್ಟು ಸಂತೋಷವಾಗಿದ್ದು ನನಗೆ ಅದೇ ಮೊದಲು.

ಖಾತ್ರಿಗೆ ಇನ್ನೊಂದು ಮಾಡಿದ. ಕಾರ್ಡಿನ ವೇಗ ಹೊಂದಿಸುವ ಪ್ರೋಗ್ರಾಂ ಆಫ್ಟರ್‌ಬರ್ನರ್‌ನಲ್ಲಿ ಮೆಮೊರಿಯ ವೇಗವನ್ನು 500 ಮೆಗಾಹರ್ಟ್ಸ್ ಇಳಿಸಿ, ಅದೇ ಸೆಕೆಯಲ್ಲಿ ಮತ್ತೆ ಓಡಿಸಿದ. ಇಪ್ಪತ್ತು ನಿಮಿಷ, ಒಂದೂ ಎರರ್ ಇಲ್ಲ. ಮೆಮೊರಿ ಬಿಸಿಯಾದಾಗ, ಪೂರ್ತಿ ವೇಗದಲ್ಲಿ ಓಡಿದಾಗ ಮಾತ್ರ ತಪ್ಪುತ್ತಿದೆ. ರಾತ್ರಿ ನಡೆಯುತ್ತಿದ್ದದ್ದು ವೋಲ್ಟೇಜ್‌ನಿಂದಲ್ಲ, ತಂಪಿನಿಂದ.

ವೇಗ ಇಳಿಸಿಯೇ ಎಕ್ಸ್‌ಪೋರ್ಟ್ ಮಾಡಿ ಕೊಟ್ಟುಬಿಡೋಣ ಅಂತ ನನಗೆ ಆಸೆ ಬಂತು. ಅದು ಒಂದು ದಿನದ ದಾರಿ. ಮುಂದಿನ ವಾರ ಇನ್ನೂ ಎರಡು ಮದುವೆ ಇದ್ದವು. ಬಿಚ್ಚೋಣ ಅಂದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಚುಕ್ಕಿ ಬರುವ ಕಾರ್ಡಿಗೆ ಬಿಸಿಗಾಳಿ ಬ್ಲೋವರ್ ಹಿಡಿಯಿರಿ, ಓವನ್‌ನಲ್ಲಿ ಇಡಿ ಅಂತ ಸಲಹೆ ಕೊಡೋರು ಇದ್ದಾರೆ. ದಯವಿಟ್ಟು ಮಾಡಬೇಡಿ. ಒಂದಷ್ಟು ದಿನ ಜೀವ ಬಂದ ಹಾಗೆ ಕಂಡು ಮತ್ತೆ ಹೋಗುತ್ತೆ, ಆಮೇಲೆ ರಿಪೇರಿ ಮಾಡೋರಿಗೂ ಏನೂ ಉಳಿದಿರಲ್ಲ. ಏನು ಕೆಟ್ಟಿದೆ ಅಂತ ಗೊತ್ತಾಗೋ ಮುಂಚೆ ಬೆಂಕಿಗೆ ಹಿಡಿಯೋದು ನನಗಂತೂ ಸಂಕಟದ ವಿಷಯ.

ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕಾರ್ಡು ಹೊರಗೆ ತೆಗೆದೆವು. ಹಾಸಿದ ಪೇಪರ್ ಮೇಲೆ ಮಗುಚಿ ಇಟ್ಟ. ನಡುವೆ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂ. ಒಂದನ್ನೇ ಪೂರ್ತಿ ಬಿಚ್ಚದೆ, ನಾಲ್ಕನ್ನೂ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಫ್ಯಾನಿನ ಸಣ್ಣ ವೈರು ಕಿತ್ತುಹೋಗದ ಹಾಗೆ ಹುಷಾರಾಗಿ ಕಳಚಿದ. ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್ ಮೇಲೆತ್ತಿದಾಗ, ಅದಕ್ಕೂ ಮುಖ್ಯ ಚಿಪ್ಪಿಗೂ ನಡುವೆ ಒಣಗಿದ್ದ ಪೇಸ್ಟು ಚಕ್ಕೆ ಚಕ್ಕೆಯಾಗಿ ಉದುರಿತು.

ಮೆಮೊರಿ ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಮೆತ್ತನೆಯ ಥರ್ಮಲ್ ಪ್ಯಾಡ್ ಇರುತ್ತೆ. ಚಿಪ್ಪಿನ ಬಿಸಿಯನ್ನು ಲೋಹಕ್ಕೆ ದಾಟಿಸುವುದೇ ಅದರ ಕೆಲಸ. ಆರು ಪ್ಯಾಡುಗಳಲ್ಲಿ ಐದು ಬೂದು ಬಣ್ಣದವು. ಆರನೆಯದು ನೀಲಿ. ಬೂದು ಪ್ಯಾಡುಗಳ ಮೇಲೆ ಚಿಪ್ಪಿನ ಅಚ್ಚು ಚೆನ್ನಾಗಿ ಬಿದ್ದಿತ್ತು, ಅಂಚು ಮೂಲೆ ಎಲ್ಲ ಕಾಣುವಷ್ಟು. ಜೇಡಿಮಣ್ಣಿಗೆ ಉಂಗುರ ಒತ್ತಿದ ಹಾಗೆ. ನೀಲಿ ಪ್ಯಾಡಿನ ಮೇಲೆ ಏನೂ ಇರಲಿಲ್ಲ. ನುಣ್ಣಗೆ, ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೆ. ಬೆರಳಲ್ಲಿ ಹಿಡಿದು ಪಕ್ಕದ್ದಕ್ಕೆ ಹೋಲಿಸಿದೆ. ಅದಕ್ಕಿಂತ ಮೂರನೇ ಒಂದು ಭಾಗದಷ್ಟು ತೆಳ್ಳಗಿತ್ತು. ಹಿಂದೆ ಯಾರೋ ಕಾರ್ಡು ಬಿಚ್ಚಿದಾಗ ಒಂದು ಪ್ಯಾಡು ಹರಿದಿರಬೇಕು, ಕೈಗೆ ಸಿಕ್ಕಿದ ತೆಳು ತುಂಡು ಇಟ್ಟು ಮುಚ್ಚಿದ್ದಾರೆ. ಅದು ಚಿಪ್ಪಿನ ಮೇಲೆ ಕೂತಿತ್ತು, ಲೋಹವನ್ನು ಮುಟ್ಟಿರಲೇ ಇಲ್ಲ. ಆ ಒಂದು ಚಿಪ್ಪು ಇಷ್ಟು ದಿನ ಹೊದಿಕೆ ಹೊದ್ದುಕೊಂಡು ಬಿಸಿಲಲ್ಲಿ ದುಡಿದ ಹಾಗೆ ದುಡಿದಿತ್ತು. ಅದನ್ನು ನೋಡುತ್ತಾ ನನಗೆ ಸಿಟ್ಟಿಗಿಂತ ಅಯ್ಯೋ ಅನ್ನಿಸಿದ್ದೇ ಜಾಸ್ತಿ.

ಭಾನುವಾರ ಪ್ಯಾಡು ಎಲ್ಲಿ ಸಿಗಬೇಕು? ಲ್ಯಾಪ್‌ಟಾಪ್ ರಿಪೇರಿ ಮಾಡುವ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಊಟದ ಹೊತ್ತಲ್ಲಿ ಬಂದು ಅಂಗಡಿ ಶಟರ್ ಅರ್ಧ ಎತ್ತಿ ಒಂದು ಹಾಳೆ 1 ಮಿಲಿಮೀಟರ್, ಒಂದು ಹಾಳೆ 1.5 ಮಿಲಿಮೀಟರ್ ಕೊಟ್ಟರು. ಪೇಸ್ಟು, ಒರೆಸೋಕೆ ಐಪಿಎ ಅನ್ನುವ ಆಲ್ಕೋಹಾಲಿನ ಬಾಟಲಿ ಕೂಡ. "ದಪ್ಪ ಜಾಸ್ತಿ ಆದ್ರೆ ಹೀಟ್‌ಸಿಂಕು ಮೇನ್ ಚಿಪ್ಪಿಗೆ ಕೂರಲ್ಲ, ಅದು ಕಾಯುತ್ತೆ, ನೋಡ್ಕೊಳ್ಳಿ" ಅಂತ ಎಚ್ಚರಿಕೆಯನ್ನೂ ಕೊಟ್ಟರು. ಐಪಿಎಯಿಂದ ಒರೆಸಿ, ಮೊದಲು 1 ಮಿಲಿಮೀಟರ್ ಇಟ್ಟು ಬಿಗಿದು ಬಿಚ್ಚಿ ನೋಡಿದೆವು. ಅಚ್ಚು ಬೀಳಲಿಲ್ಲ. 1.5 ಇಟ್ಟು ನೋಡಿದೆವು. ಆರರ ಮೇಲೂ ಅಂಚು ಮೂಡಿತ್ತು, ನಡುವಿನ ಚಿಪ್ಪಿನ ಪೇಸ್ಟೂ ಸಮನಾಗಿ ಹರಡಿತ್ತು. ಹೊಸ ಪೇಸ್ಟು ಹಾಕಿ ಮುಚ್ಚಿದೆವು.

ಮೂರು ಗಂಟೆಗೆ ಮತ್ತೆ ಫ್ಯಾನ್ ಆರಿಸಿ, ಬಾಗಿಲು ಹಾಕಿ ಕೂತೆವು. ಫರ್‌ಮಾರ್ಕ್ ಈಗ ಕೆಲಸಕ್ಕೆ ಬಂತು. ಮುಖ್ಯ ಚಿಪ್ 70ಕ್ಕೆ ನಿಂತಿತು, ಅಂದರೆ ಹೀಟ್‌ಸಿಂಕ್ ಸರಿಯಾಗಿ ಕೂತಿದೆ. ಆಮೇಲೆ ಮೆಮ್‌ಟೆಸ್ಟ್, ಪೂರ್ತಿ ವೇಗದಲ್ಲಿ. ಹನ್ನೊಂದನೇ ನಿಮಿಷ ಹತ್ತಿರ ಬಂದಾಗ ಇಬ್ಬರೂ ಮಾತು ನಿಲ್ಲಿಸಿದ್ದೆವು. ಹನ್ನೊಂದು ದಾಟಿತು, ಇಪ್ಪತ್ತು ದಾಟಿತು. ಎರಡು ಗಂಟೆ ಬಿಟ್ಟೆವು. ಎರರ್ ಸೊನ್ನೆ.

ಎಕ್ಸ್‌ಪೋರ್ಟ್ ಕೊಟ್ಟದ್ದು ಐದೂಕಾಲಿಗೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಅವನನ್ನು ಕಳಿಸಿ ಬಂದು, ಇಡೀ ಹತ್ತು ನಿಮಿಷದ ವಿಡಿಯೊವನ್ನು ಫ್ರೇಮ್ ಫ್ರೇಮ್ ಆಗಿ ತಳ್ಳಿ ನೋಡಿದೆ. ರಾತ್ರಿ ಒಂದಾಯಿತು.

ಮಂಗಳವಾರ ಗುಬ್ಬಿಯಲ್ಲಿ ಶಾಮಿಯಾನದ ಒಂದು ಪಕ್ಕ ಪರದೆ ಕಟ್ಟಿದ್ದರು. ಒಳಗಿನಿಂದ ಮಸಾಲೆ ಘಮ ಬರುತ್ತಿತ್ತು, ಮಕ್ಕಳು ನೆಲದ ಮೇಲೆ ಮುಂದೆ ಬಂದು ಕೂತಿದ್ದರು. ಧಾರೆಯ ಶಾಟ್ ಬಂದಾಗ ನಾನು ಪ್ರೊಜೆಕ್ಟರ್ ಹಿಂದೆ ನಿಂತು ಎಡಗೆನ್ನೆಯನ್ನೇ ನೋಡುತ್ತಿದ್ದೆ. ಹಾಲು ಬಿತ್ತು, ಹುಡುಗಿ ತಲೆ ತಗ್ಗಿಸಿದಳು. ಮುಗಿದಾಗ ಅವಳ ತಂದೆ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಇನ್ನೊಂದ್ಸಲ ಹಾಕಿ ಸಾರ್."